ಮೇಲಿನ ಸಾಲಿನ ದೀಪಗಳು

ಈ ಸಲ ಫೇಲಾಗಬೇಕು. ಹಾಲ್ ರೋಡಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕಲ್ಲಿನಾಥ ಅದನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡ. ಹೇಳಿಕೊಂಡ ಕೂಡಲೇ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಗು ನೆನಪಾಯಿತು. ಐವತ್ತೊಂದು ವರ್ಷದ ಬದುಕಿನಲ್ಲಿ ಅವನು ಫೇಲಾಗಲೆಂದು ಹೊರಟ ಪರೀಕ್ಷೆ ಇದೊಂದೇ, ಅದಕ್ಕೆ ಹೇಗೆ ತಯಾರಿ ಮಾಡಬೇಕೆಂಬುದೇ ಅವನಿಗೆ ತಿಳಿದಿರಲಿಲ್ಲ. ಕಾರು ಓಡಿಸುತ್ತಿದ್ದವಳು ಮಗಳು ಇಳಾ. ಕಣ್ಣಿಗೆ ಔಷಧ ಬಿಟ್ಟರೆ ವಾಪಸ್ ಬರುವಾಗ ಡ್ರೈವ್ ಮಾಡುವ ಹಾಗಿಲ್ಲ, ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದು ಕ್ಲಿನಿಕ್ಕಿನವರು ಫೋನಿನಲ್ಲಿ ಹೇಳಿದ್ದರು. ಹೆಂಡತಿ ಲತಾಶ್ರೀಗೆ ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ. ಹೀಗಾಗಿ ಇಳಾ. ಸ್ಟರ್ಲಿಂಗ್ ಹೈಟ್ಸಿನ ಮನೆಯಿಂದ ಹೊರಟ ಮೇಲೆ ಅವಳ ಕಣ್ಣು ರಸ್ತೆಯ ಮೇಲೆಯೇ ಇತ್ತು. ಕೋಪವೇನೂ ಇದ್ದಂತಿರಲಿಲ್ಲ. ಆಗಸ್ಟಿನಲ್ಲಿ ಅವಳು ಶಿಕಾಗೋದ ಕಾಲೇಜಿಗೆ ಹೋಗುವವಳು. ಮನೆಗೆ ಹತ್ತಿರದ ಆನ್ ಆರ್ಬರಿನ ಯೂನಿವರ್ಸಿಟಿಗೆ ಹೋಗಬೇಕೆಂದಿದ್ದವಳು. ಆ ವಿಷಯ ನೆನಪಾದೊಡನೆ ಕಲ್ಲಿನಾಥ ಕಿಟಕಿಯ ಕಡೆ ಮುಖ ತಿರುಗಿಸಿದ. ದೀಪ ಹಸಿರಾಯಿತೇ ಎಂದು ನೋಡಲು ಗದ್ದ ಎತ್ತಿದ. ಅಮೆರಿಕದ ಈ ಭಾಗದಲ್ಲಿ ಸಿಗ್ನಲ್ಲುಗಳು ರಸ್ತೆಯ ನಡುವೆ, ಆಕಾಶದಲ್ಲಿ, ತಂತಿಗೆ ಜೋತುಬಿದ್ದಿರುತ್ತವೆ. ಇಲ್ಲಿಗೆ ಬಂದ ಹೊಸತರಲ್ಲಿ ಅವು ಇಷ್ಟು ಮೇಲಿರಲಿಲ್ಲವೆಂದು ಅವನ ನಂಬಿಕೆ.

ಅವು ಮೇಲೆ ಹೋಗಿರಲಿಲ್ಲ, ಇವನ ರೆಪ್ಪೆಗಳು ಕೆಳಗಿಳಿದಿದ್ದವು. ಇದನ್ನು ಅವನಿಗೆ ಮೊದಲು ಹೇಳಿದ್ದು ಮನುಷ್ಯರಲ್ಲ, ಅವನೇ ಜೋಪಾನ ಮಾಡಿ ಬೆಳೆಸಿದ ಒಂದು ಕ್ಯಾಮೆರಾ. ಡಿಯರ್‌ಬಾರ್ನಿನ ಅವನ ಆಫೀಸಿನಲ್ಲಿ ಮೂರು ವರ್ಷದಿಂದ ಅದೇ ಕೆಲಸ: ಸ್ಟಿಯರಿಂಗಿನ ಹಿಂದೆ ಕೂತು ಡ್ರೈವರನ ಮುಖ ನೋಡುವ ಪುಟ್ಟ ಕ್ಯಾಮೆರಾ. ರೆಪ್ಪೆ ಪಾಪೆಯ ಮೇಲೆ ಇಷ್ಟಕ್ಕಿಂತ ಹೆಚ್ಚು ಹೊತ್ತು, ಇಷ್ಟಕ್ಕಿಂತ ಹೆಚ್ಚು ಇಳಿದರೆ ಡ್ರೈವರ್ ತೂಕಡಿಸುತ್ತಿದ್ದಾನೆಂದು ಅದು ಲೆಕ್ಕ ಹಾಕಿ, ಎದುರಿನ ಪರದೆಯ ಮೇಲೆ ಒಂದು ಕಾಫಿ ಕಪ್ಪಿನ ಚಿತ್ರ ತೋರಿಸಿ ಕುಂಯ್ ಅನ್ನುತ್ತದೆ. ಜನವರಿಯಲ್ಲಿ ಶಿಕಾಗೋ ಹತ್ತಿರದ ಇಟಾಸ್ಕಾದ ಗಿರಾಕಿಗಳಿಗೆ ತೋರಿಸಲು ಟೆಸ್ಟ್ ಕಾರನ್ನು ಅವನೇ ಓಡಿಸಿಕೊಂಡು ಹೊರಟಿದ್ದ, ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಅವನ ಕೈಕೆಳಗಿನ ಎಂಜಿನಿಯರ್ ಸುದೀಪ. ಆನ್ ಆರ್ಬರ್ ದಾಟುವ ಮೊದಲೇ ಕಾಫಿ ಕಪ್ಪು ಬಂತು. ಅರ್ಧ ದಾರಿಯ ಕಲಮಜೂವಿನ ಹೊತ್ತಿಗೆ ಅದು ಹೋಗುವುದನ್ನೇ ಬಿಟ್ಟಿತು. ಸುದೀಪ ಮೊದಲು ಕೋಡನ್ನು ಬೈದ, ಆಮೇಲೆ ಕ್ಯಾಮೆರಾವನ್ನು ಒರೆಸಿದ, ಕೊನೆಗೆ ಪರದೆಯಿಂದ ಮುಖ ಎತ್ತಿ ಕಲ್ಲಿನಾಥನನ್ನೇ ನೋಡಿದ. "ಸರ್, ಬೇಜಾರ್ ಮಾಡ್ಕೋಬೇಡಿ. ಇದರ ಪ್ರಕಾರ ನೀವು ಡಿಯರ್‌ಬಾರ್ನ್ ಬಿಟ್ಟಾಗಿಂದ ನಿದ್ದೇಲೇ ಇದೀರ." ಇಬ್ಬರೂ ನಕ್ಕರು. ಗ್ಯಾರಿ ಊರು ದಾಟುವವರೆಗೂ ನಕ್ಕರು. ಇಟಾಸ್ಕಾದ ಮೀಟಿಂಗಿನಲ್ಲಿ ಸುದೀಪ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಕಲ್ಲಿನಾಥನ ಮ್ಯಾನೇಜರ್ ಮಾತ್ರ ನಗಲಿಲ್ಲ, ಏನೋ ಸಮಾಧಾನವಾದವನಂತೆ ತಲೆ ಆಡಿಸಿದ. ಇವನು ಮೀಟಿಂಗುಗಳಲ್ಲಿ ತೂಕಡಿಸುತ್ತಾನೆಂದು ಇಷ್ಟು ವರ್ಷ ತಾನು ಅಂದುಕೊಂಡದ್ದು ಸುಳ್ಳಲ್ಲವೆಂದು ಅವನಿಗೆ ಯಂತ್ರವೇ ಸಾಕ್ಷಿ ಹೇಳಿದಂತಾಗಿತ್ತು. ಮರುವಾರ ಮೆತ್ತಗಿನ ಒಂದು ಇಮೇಲ್ ಬಂತು: ಡಾಕ್ಟರನ್ನು ಕಂಡು ಬರುವವರೆಗೆ ಟೆಸ್ಟ್ ಕಾರು ಓಡಿಸುವುದು ಬೇಡ.

ಡಾಕ್ಟರು ಬೆಳ್ಳಿ ಕೂದಲಿನ ಅಮೆರಿಕನ್ ಹೆಂಗಸು, ಅವಸರವಿಲ್ಲದವಳು. ಅವನ ಹಣೆಯ ಗೆರೆಗಳನ್ನು ನೋಡಿ, ನಿಮಗೆ ಯಾವಾಗಲೂ ಏನೋ ಆಶ್ಚರ್ಯವಾಗುತ್ತಿರುತ್ತದೆಯೇ ಎಂದು ಕೇಳಿದಳು. ಅವನು ತಮಾಷೆ ತಿಳಿಯದೆ ಇಲ್ಲವೆಂದ. ಆಗ ಹೆಬ್ಬೆರಳಿನಿಂದ ಅವನ ಹುಬ್ಬನ್ನು ಅದುಮಿ ಹಿಡಿದು, ಈಗ ಕಣ್ಣು ತೆರೆಯಿರಿ ಅಂದಳು. ಅವನು ತೆರೆದ. ತೆರೆದೇ ಇದ್ದೇನೆಂದು ಅವನಿಗೆ ಅನ್ನಿಸಿತು, ಆದರೆ ಕೋಣೆಯ ಮೇಲರ್ಧ ಯಾರೋ ಅಂಗಡಿಯ ಶಟರ್ ಎಳೆದ ಹಾಗೆ ಮಾಯವಾಗಿತ್ತು. ರೆಪ್ಪೆ ಎತ್ತುವ ಸ್ನಾಯು ಚೆನ್ನಾಗಿಯೇ ಇದೆ, ಅದರ ತುದಿಯಲ್ಲಿ ರೆಪ್ಪೆಗೆ ಅಂಟಿಕೊಂಡಿರುವ ತೆಳ್ಳನೆಯ ಪಟ್ಟಿ ಹಿಗ್ಗಿಹೋಗಿದೆ ಎಂದು ಅವಳು ವಿವರಿಸಿದಳು. ಪೈಜಾಮದ ಲಾಡಿ ಸಡಿಲಾದ ಹಾಗೆ ಎಂದು ಅವನು ತನ್ನಷ್ಟಕ್ಕೆ ಅರ್ಥ ಮಾಡಿಕೊಂಡ. ಅದಕ್ಕೇ ಹಣೆಯ ಸ್ನಾಯು ಹುಬ್ಬನ್ನು ಎತ್ತಿ ಎತ್ತಿ ರೆಪ್ಪೆಯ ಕೆಲಸವನ್ನೂ ತಾನೇ ಮಾಡುತ್ತಿದೆ, ಸಂಜೆಯ ತಲೆನೋವು ಅದರಿಂದಲೇ. ರೆಪ್ಪೆಯ ಮಡಿಕೆಯಲ್ಲಿ ಸಣ್ಣದಾಗಿ ಕೊಯ್ದು, ಪಟ್ಟಿಯನ್ನು ಎಳೆದು ಬಿಗಿಯಾಗಿ ಹೊಲಿದರೆ ಆಯಿತು. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ನಡುವೆ ಅವನನ್ನು ಎಬ್ಬಿಸಿ ಕೂರಿಸಿ, ಕಣ್ಣು ಬಿಡಿ, ಮುಚ್ಚಿ ಎಂದು ಹೇಳಿ ಎರಡೂ ಸಮವಾಗಿವೆಯೇ ಎಂದು ನೋಡುತ್ತಾರೆ. ಎರಡೂ ರೆಪ್ಪೆಗೆ ಮೆದುಳಿನಿಂದ ಹೋಗುವ ಆಜ್ಞೆ ಒಂದೇ. ಒಂದನ್ನು ಎತ್ತಿ ಇನ್ನೊಂದನ್ನು ಬಿಟ್ಟರೆ, ಬಿಟ್ಟದ್ದು ತನ್ನ ಕೆಲಸ ಮುಗಿಯಿತೆಂದು ಇನ್ನಷ್ಟು ಇಳಿದುಬಿಡುತ್ತದೆ. "ನೀವು ಎಚ್ಚರವಾಗಿರಬೇಕು, ಅದೊಂದೇ ನಿಮ್ಮ ಕೆಲಸ" ಎಂದು ಡಾಕ್ಟರು ನಕ್ಕಳು. ಅದೊಂದೇ ಕೆಲಸ.

ಆಪರೇಷನ್ನಿನ ಖರ್ಚಿಗೆ ಇನ್ಶೂರೆನ್ಸಿನವರು ಒಪ್ಪಬೇಕಾದರೆ ಮಾತ್ರ ಒಂದು ಪರೀಕ್ಷೆ. ಬಟ್ಟಲಿನಂಥ ಯಂತ್ರದೊಳಗೆ ಗದ್ದ ಇಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಿ ಇಲ್ಲಿ ಸಣ್ಣ ದೀಪ ಮಿನುಗಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೊದಲು ರೆಪ್ಪೆ ಹೇಗಿದೆಯೋ ಹಾಗೆ, ಆಮೇಲೆ ರೆಪ್ಪೆಯನ್ನು ಟೇಪಿನಿಂದ ಮೇಲಕ್ಕೆ ಅಂಟಿಸಿ. ಮೊದಲ ಸಲ ಮೇಲಿನ ದೀಪಗಳು ಕಾಣದೆ, ಎರಡನೆಯ ಸಲ ಕಂಡರೆ, ಆಪರೇಷನ್ ದೃಷ್ಟಿಗಾಗಿ. ಎರಡು ಸಲವೂ ಕಂಡರೆ, ಅಂದಕ್ಕಾಗಿ, ಅದಕ್ಕೆ ಅವರು ದುಡ್ಡು ಕೊಡುವುದಿಲ್ಲ. ಕಳೆದ ತಿಂಗಳು ಈ ಯಂತ್ರದ ಮುಂದೆ ಕೂತಾಗ ಇದೆಲ್ಲ ಅವನಿಗೆ ಗೊತ್ತಿತ್ತು, ಬುದ್ಧಿಗೆ ಗೊತ್ತಿತ್ತು. ಆದರೆ ಕೋಣೆಯ ದೀಪ ಆರಿಸಿ, ಟೆಕ್ನಿಶಿಯನ್ ಹುಡುಗಿ "ಶುರು ಮಾಡೋಣವೇ" ಎಂದದ್ದೇ ತಡ ಬೆನ್ನು ನೆಟ್ಟಗಾಯಿತು, ಹುಬ್ಬು ಹಣೆಗೇರಿತು. ಒಂದು ದೀಪವೂ ತಪ್ಪಬಾರದು. ಕಂಡಿತೋ ಇಲ್ಲವೋ ಎಂದು ಅನುಮಾನವಾದಾಗಲೂ ಒತ್ತಿದ. ಗದಗಿನ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದ ಅವನ ಅಪ್ಪ ಪ್ರತಿ ಪರೀಕ್ಷೆಯ ಬೆಳಿಗ್ಗೆ ಹೇಳುತ್ತಿದ್ದುದು ಒಂದೇ ಮಾತು: ಖಾಲಿ ಬಿಟ್ಟು ಬರಬ್ಯಾಡ, ಗೊತ್ತಿಲ್ದಿದ್ರೂ ಏನರ ಬರಿ. ಯಂತ್ರ ನಡುನಡುವೆ ದೀಪ ಹಚ್ಚದೆ ಸುಮ್ಮನೆ ಕಾಯುತ್ತದಂತೆ, ಸುಳ್ಳು ಹೇಳುವವರನ್ನು ಹಿಡಿಯಲು. ಅಲ್ಲೂ ಇವನು ಒತ್ತಿದ್ದ. ಡಾಕ್ಟರು ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಪಾಸಾಗಿದ್ದೀರಿ, ಅದೇ ತೊಂದರೆ ಅಂದಳು. ಕಾಗದದ ಮೇಲೆ ನಿಮಗೆ ಏನೂ ಆಗಿಲ್ಲ. ಹುಬ್ಬನ್ನು ಬಿಟ್ಟುಬಿಡಿ, ಮನೆಯಲ್ಲಿ ಹೇಗಿರುತ್ತೀರೋ ಹಾಗಿರಿ, ಇನ್ನೊಮ್ಮೆ ಬನ್ನಿ. ಮನೆಯಲ್ಲಿ ಲತಾಶ್ರೀ ಕೇಳಿ ನಕ್ಕು ನಕ್ಕು ಸುಸ್ತಾದಳು. "ಅಲ್ಲ ಕಣ್ರೀ, ಫೇಲಾಗಿ ಬನ್ನಿ ಅಂತ ಕಳಿಸಿದ್ರೆ ರ‍್ಯಾಂಕ್ ತಗೊಂಡ್ ಬಂದಿದೀರಲ್ಲ." ಅವಳು ಮೈಸೂರಿನವಳು. ಅವಳ ನಗುವಿನಲ್ಲಿ ಕೊಂಕಿರಲಿಲ್ಲ. ಆದರೂ ಅವನು ಆ ರಾತ್ರಿ ಊಟಕ್ಕೆ ಮೊಸರು ಹಾಕಿಕೊಳ್ಳಲು ಮರೆತ.

ಇಳಾ ಕ್ಲಿನಿಕ್ಕನ್ನು ದಾಟಿ ಮುಂದೆ ಹೋದಳು. ಅವನು "ಇಲ್ಲೇ ಇತ್ತಲ್ಲ" ಅನ್ನಲು ಬಾಯಿ ತೆರೆದವನು ಸುಮ್ಮನಾದ. ಈ ರಸ್ತೆಯಲ್ಲಿ ಎಡಕ್ಕೆ ಹೋಗಬೇಕಾದವರು ನೇರ ಎಡಕ್ಕೆ ತಿರುಗುವಂತಿಲ್ಲ. ದಾಟಿಕೊಂಡು ಹೋಗಿ, ಯು-ಟರ್ನ್ ಹೊಡೆದು, ಎದುರಿನಿಂದ ಬಂದು ಬಲಕ್ಕೆ ತಿರುಗಬೇಕು. ಇಪ್ಪತ್ತು ವರ್ಷ ಈ ಊರಿನಲ್ಲಿದ್ದು ಅವನಿಗೆ ಇದು ಅಭ್ಯಾಸವಾಗಿತ್ತು, ಬರೀ ರಸ್ತೆಯ ಮೇಲಲ್ಲ. ಹೇಳಬೇಕಾದದ್ದನ್ನು ದಾಟಿಕೊಂಡು ಮುಂದೆ ಹೋಗುವುದು, ವಾಪಸ್ ಬಂದರಾಯಿತೆಂದು. ವಾಪಸ್ ಬರುವ ತಿರುವು ಮಾತ್ರ ಯಾವಾಗಲೂ ಇನ್ನೊಂದು ಮೈಲಿ ಮುಂದಿರುತ್ತಿತ್ತು. ಮಾರ್ಚಿನ ಆ ಮಧ್ಯಾಹ್ನವೂ ಹಾಗೆಯೇ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಮನೆಯಿಂದಲೇ ಕೆಲಸ ಮಾಡಿ ದಣಿದು ಸೋಫಾದ ಮೇಲೆ ಕಾಲು ಚಾಚಿದ್ದ. ಇಳಾ ಅಡುಗೆಮನೆಯ ಪಕ್ಕದ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದಿದ್ದಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಶಬ್ದ ಬಂತು. ಆಮೇಲೆ ಏನೂ ಇಲ್ಲ. ರೆಪ್ಪೆಯ ಕೆಳಗೆ ಉಳಿದ ಸಣ್ಣ ಸಂದಿಯಲ್ಲಿ ಅವನಿಗೆ ಅವಳ ಕೈಗಳು ಕಂಡವು. ಎರಡೂ ಕೈ ಮೇಜನ್ನು ಹಿಡಿದುಕೊಂಡಿದ್ದವು, ಮೇಜು ಎಲ್ಲಿಯೋ ತೇಲಿಹೋಗುತ್ತದೆ ಎನ್ನುವ ಹಾಗೆ. ಭುಜ ಅಲುಗುತ್ತಿತ್ತು. ಸದ್ದು ಮಾಡದೆ ಅಳುವುದನ್ನು ಈ ಹುಡುಗಿ ಯಾವಾಗ ಕಲಿತಳು?

ಏಳಬೇಕಾಗಿತ್ತು. ಎದ್ದು ಏನವ್ವಾ, ಏನಾತು ಅನ್ನಬೇಕಾಗಿತ್ತು. ಅಷ್ಟೇ ಸಾಕಾಗಿತ್ತು ಎಂದು ಈಗ ತಿಳಿಯುತ್ತದೆ, ಆಗಲೂ ತಿಳಿದಿತ್ತು. ಆದರೆ ಎದ್ದ ಮೇಲೆ ಎರಡನೆಯ ಮಾತು ಯಾವುದು? ಅವಳು ಇಂಗ್ಲಿಷಿನಲ್ಲಿ ಏನಾದರೂ ಹೇಳಿದರೆ, ಅದಕ್ಕೆ ಇವನ ಹತ್ತಿರ ಇದ್ದದ್ದು ಆಫೀಸಿನ ಇಂಗ್ಲಿಷು. ಕನ್ನಡದಲ್ಲಿ ಹೇಳಿದರೆ, ಇವನ ಕನ್ನಡದಲ್ಲಿ ಸಮಾಧಾನವೆಂದರೆ ಊಟ ಮಾಡು ಅನ್ನುವುದು. ಹೀಗೆ ಎರಡನೆಯ ಮಾತನ್ನು ಹುಡುಕುತ್ತ ಮೊದಲನೆಯದು ತಡವಾಯಿತು. ತಡವಾದ ಮೇಲೆ, ಇಷ್ಟು ಹೊತ್ತು ಎಚ್ಚರವಿದ್ದೂ ಸುಮ್ಮನಿದ್ದೆನೆಂದು ತೋರಿಸಿಕೊಳ್ಳುವುದು ಹೇಗೆ? ಅವನು ಉಸಿರನ್ನು ಉದ್ದ ಮಾಡಿದ. ನಿದ್ದೆಯವರ ಉಸಿರು. ಸ್ವಲ್ಪ ಹೊತ್ತಿಗೆ ಅವಳು ಎದ್ದು ಬಂದು ಸೋಫಾದ ಪಕ್ಕ ನಿಂತಳು. ಅವಳ ಸಾಕ್ಸು ಕಂಡಿತು, ಒಂದು ಬೂದು, ಒಂದು ಹಳದಿ. ನಿಂತೇ ಇದ್ದಳು. ಆಮೇಲೆ ಕಾಲ ಹತ್ತಿರ ಮಡಿಸಿಟ್ಟಿದ್ದ ಹೊದಿಕೆಯನ್ನು ಅವನ ಎದೆಯವರೆಗೂ ಹೊದಿಸಿ ಮಹಡಿ ಹತ್ತಿ ಹೋದಳು. ಎರಡು ದಿನ ಕಳೆದು, ಆನ್ ಆರ್ಬರಿನಲ್ಲಿ ಸೀಟು ಸಿಗಲಿಲ್ಲ, ಪರವಾಗಿಲ್ಲ, ಇಟ್ಸ್ ಫೈನ್ ಎಂದು ಅವಳೇ ದೋಸೆ ತಿನ್ನುತ್ತ ಹೇಳಿದಳು. ಅವನು ಮುಖ ಎತ್ತಿ ಕೇಳಿದ, "ಹೌದಾ? ಯಾವಾಗ ಗೊತ್ತಾತು?" ಆ ಪ್ರಶ್ನೆ ಇವತ್ತಿಗೂ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು, ಮೀನು ತಿನ್ನದ ಮನೆಯವನಾದರೂ. ಅವಳು ಅವನನ್ನು ಒಂದು ಗಳಿಗೆ ನೋಡಿ, ರೀಸೆಂಟ್ಲಿ ಎಂದು ಚಟ್ನಿ ಹಾಕಿಕೊಂಡಿದ್ದಳು. ಆ ನೋಟದಲ್ಲಿ ಏನಿತ್ತು? ಅವಳಿಗೆ ಗೊತ್ತಿತ್ತೇ? ಗೊತ್ತಿದ್ದರೆ ಹೊದಿಕೆ ಯಾಕೆ ಹೊದಿಸಿದಳು? ಗೊತ್ತಿಲ್ಲದಿದ್ದರೆ, ಈ ರೆಪ್ಪೆಗಳನ್ನು ಎತ್ತಿ ಹೊಲಿದ ಮೇಲೆ, ಇನ್ನು ಯಾವತ್ತಾದರೂ ಅವಳು ಅತ್ತರೆ ತಾನು ಎಲ್ಲಿಗೆ ಹೋಗಬೇಕು? ಹೊಲಿಸಿಕೊಳ್ಳಬೇಕೆಂದು ಇದೆಯೋ ಇಲ್ಲವೋ ಎಂಬುದೇ ಅವನಿಗೆ ಬಗೆಹರಿಯಲಿಲ್ಲ. ಕಳೆದ ಸಲ ಪಾಸಾದದ್ದು ಬರೀ ಪರೀಕ್ಷೆಯ ಚಟದಿಂದಲೇ, ಇಲ್ಲಾ ಒಳಗೆ ಯಾರೋ ಬೇಕೆಂದೇ ಗುಂಡಿ ಒತ್ತಿದರೇ?

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಗೋಡೆಯ ಮೇಲೆ ಜೋಡಿ ಜೋಡಿ ಮುಖಗಳ ಚಿತ್ರ, ಆಪರೇಷನ್ನಿಗೆ ಮೊದಲು, ಆಮೇಲೆ. ಮೊದಲಿನ ಮುಖಗಳೆಲ್ಲ ಅವನಿಗೆ ಪರಿಚಯದವರಂತೆ ಕಂಡವು. ತನ್ನ ಅಪ್ಪನ ಮುಖವೂ ಆ ಮೊದಲಿನ ಸಾಲಿನದೇ. ಅಪ್ಪ ಪರೀಕ್ಷೆಯ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಅರ್ಧ ಮುಚ್ಚಿದ ಕಣ್ಣು. ಹುಡುಗರು ಕೈಸನ್ನೆ ಮಾಡುತ್ತಿದ್ದರು, ಚೀಟಿ ದಾಟಿಸುತ್ತಿದ್ದರು. ಹೊರಗೆ ಬಂದ ಮೇಲೆ ಅವನನ್ನು ಸುತ್ತುವರಿದು, ನಿಮ್ಮಪ್ಪ ಮಲಗಿರ್ತಾನೋ ಎಚ್ಚರಿರ್ತಾನೋ ಹೇಳಲೇ, ಎಂದು ಕೇಳುತ್ತಿದ್ದರು. ಅವನಿಗೆ ಗೊತ್ತಿರಲಿಲ್ಲ. ಅಪ್ಪ ಯಾರನ್ನೂ ಹಿಡಿಯಲಿಲ್ಲ. ಆದರೆ ನಿವೃತ್ತಿಯಾದ ದಿನ ಯಾವ ವರ್ಷ ಯಾವ ಹುಡುಗ ಯಾವ ಬೆಂಚಿನಲ್ಲಿ ಏನು ಮಾಡಿದನೆಂದು ನಗುತ್ತ ಹೇಳಿದಾಗ ಅವ್ವ ಸಹ ಬೆರಗಾಗಿದ್ದಳು. ಎಲ್ಲ ಕಂಡಿದ್ದರು. ಕಂಡೂ ಕಾಣದ ಹಾಗೆ ಕೂತದ್ದು ದಯೆಯೋ, ಎದ್ದು ಹೋಗಿ ಹಿಡಿಯುವ ಅಳುಕೋ? ಎರಡಕ್ಕೂ ಹೊರಗಿನಿಂದ ಒಂದೇ ಮುಖ. ಪಕ್ಕದಲ್ಲಿ ಇಳಾ ಫೋನು ನೋಡುತ್ತಿದ್ದಳು. ಅವಳ ಹಣೆಯ ಮೇಲೆ ತೆಳ್ಳಗೆ ಒಂದು ಗೆರೆ ಇದ್ದಂತೆ ಕಂಡಿತು, ಬೆಳಕಿಗೋ ಏನೋ.

ಕೋಣೆ ಚಿಕ್ಕದಿತ್ತು. ಟೆಕ್ನಿಶಿಯನ್ ಹುಡುಗಿ ಮೊದಲಿನವಳೇ. ಮಗಳೂ ಒಳಗೆ ಕೂರಬಹುದು, ಫೋನು ಮಾತ್ರ ಆರಿಸಬೇಕು ಅಂದಳು. ಅವನು ಕೂತ, ಗದ್ದ ಇಟ್ಟ. ಒಂದು ಕಣ್ಣಿಗೆ ಮುಚ್ಚಳ ಕಟ್ಟಿದರು. ಹಣೆ ಬಿಡಿ ಸರ್, ಸಡಿಲ ಬಿಡಿ ಎಂದು ಹುಡುಗಿ ಹೇಳಿದಳು. ಅವನು ಬಿಟ್ಟ. ಇಲ್ಲ, ಇನ್ನೂ ಎತ್ತಿದ್ದೀರಿ ಅಂದಳು. ಬಿಟ್ಟೇ ಇದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹತ್ತು ವರ್ಷದಿಂದ ಎತ್ತಿಹಿಡಿದದ್ದನ್ನು ಯಾವ ಕಡೆಯಿಂದ ಬಿಡಬೇಕೆಂದು ತಿಳಿಯದೆ ಅವನು ಭುಜ ಇಳಿಸಿದ, ಬಾಯಿ ಸಡಿಲಿಸಿದ, ಕೈಬೆರಳು ಬಿಚ್ಚಿದ. ಹುಬ್ಬು ಮಾತ್ರ ಹಟದ ಕತ್ತೆಯ ಹಾಗೆ ಅಲ್ಲೇ ನಿಂತಿತ್ತು. ಬೀಚಿನಲ್ಲಿ ಮಲಗಿದ್ದೀರಿ ಅಂದುಕೊಳ್ಳಿ ಎಂದಳು ಹುಡುಗಿ. ಅವನು ಯಾವತ್ತೂ ಬೀಚಿನಲ್ಲಿ ಮಲಗಿದವನಲ್ಲ. ಆಗ ಹಿಂದಿನಿಂದ, ಬಾಗಿಲ ಪಕ್ಕದ ಕುರ್ಚಿಯಿಂದ ಇಳಾ ಮಾತಾಡಿದಳು.

"ಅಪ್ಪಾ, ಸೋಫಾ ಫೇಸ್ ಮಾಡಿ."

ಅವನಿಗೆ ಅರ್ಥವಾಗಲಿಲ್ಲ. "ಏನದು?"

"ಸೋಫಾ ಫೇಸ್. ಅದೇ... ಅಮ್ಮ ಎಲೆಕ್ಟ್ರಿಶಿಯನ್ನಿಗೆ ಫೋನ್ ಮಾಡಿ ಅಂದಾಗ ಮಾಡ್ತೀರಲ್ಲ. ವೆನ್ ಯು ಪ್ರಿಟೆಂಡ್."

ಟೆಕ್ನಿಶಿಯನ್ ಹುಡುಗಿಗೆ ಕನ್ನಡ ಬಾರದಿದ್ದರೂ ಕೊನೆಯ ಮಾತಿಗೆ ಕಿಸಕ್ಕನೆ ನಕ್ಕಳು. ಸೋಫಾ ಫೇಸ್. ಅದಕ್ಕೆ ಹೆಸರಿತ್ತು. ಮನೆಯಲ್ಲಿ, ಮಲಗಿದ ಅವನ ತಲೆಯ ಮೇಲಿನಿಂದ, ಅಮ್ಮ ಮಗಳು ಆ ಹೆಸರನ್ನು ಎಷ್ಟು ವರ್ಷದಿಂದ ಉಪ್ಪು ಹುಳಿಯ ಹಾಗೆ ಬಳಸುತ್ತಿದ್ದರೋ. ಎದ್ದು ಹೋಗಿಬಿಡಬೇಕೆನ್ನಿಸಿತು, ಆದರೆ ಗದ್ದ ಯಂತ್ರದಲ್ಲಿತ್ತು. ಹಾಗಾದರೆ ಮಾರ್ಚಿನಲ್ಲಿ. ಹಾಗಾದರೆ ದೋಸೆ ತಿನ್ನುವಾಗ. ಇಷ್ಟು ಯೋಚಿಸುವಷ್ಟರಲ್ಲಿ ಅವನ ಹಣೆಯೊಳಗೆ ಏನೋ ಕಳಚಿತು. ಹುಬ್ಬು ತಾನಾಗಿ ಇಳಿಯಿತು, ಅದರ ಹಿಂದೆ ರೆಪ್ಪೆ ಇಳಿಯಿತು. ಬಟ್ಟಲಿನ ಮೇಲಿನ ಅರ್ಧ, ಬಿಳುಪಾಗಿ ಇದ್ದದ್ದು, ಇಲ್ಲದಂತಾಯಿತು. ಪರ್ಫೆಕ್ಟ್, ಹಾಗೇ ಇರಿ ಎಂದಳು ಹುಡುಗಿ. ಯಂತ್ರ ಟಿಕ್ ಟಿಕ್ ಎಂದು ಶುರುವಾಯಿತು. ಕೆಳಗೆ ಒಂದು ದೀಪ, ಒತ್ತಿದ. ಬಲಕ್ಕೆ ಒಂದು, ಒತ್ತಿದ. ಆಮೇಲೆ ಟಿಕ್ ಎನ್ನುವ ಶಬ್ದ ಬಂತು, ದೀಪ ಬರಲಿಲ್ಲ. ಮೇಲೆಲ್ಲೋ ಹತ್ತಿ ಆರಿರಬೇಕು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಖಾಲಿ ಬಿಟ್ಟು ಬರಬ್ಯಾಡ. ಅವನು ಒತ್ತಲಿಲ್ಲ. ಇನ್ನೊಂದು ಟಿಕ್, ಮತ್ತೂ ಒಂದು. ಬಿಟ್ಟ, ಬಿಟ್ಟ. ಕಾಣದ್ದನ್ನು ಕಾಣದೆಂದು ಬಿಡುವುದು ಇಷ್ಟು ಹಗುರ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಆದರೆ ಹಗುರವಾದದ್ದಕ್ಕೆ ಹೆದರಿಕೆಯೂ ಆಯಿತು.

ಎರಡೂ ಕಣ್ಣು ಮುಗಿದ ಮೇಲೆ ಟೇಪು ಅಂಟಿಸಿದರು. ರೆಪ್ಪೆಗಳನ್ನು ಮೇಲಕ್ಕೆಳೆದು ಹುಬ್ಬಿನ ಕೆಳಗೆ ಅಂಟಿಸಿದಾಗ ಕೋಣೆ ಒಮ್ಮೆಲೇ ಎತ್ತರವಾಯಿತು. ಗೋಡೆಯ ಮೇಲ್ತುದಿಯಲ್ಲಿ ಒಂದು ಗಡಿಯಾರವಿತ್ತು, ಕಳೆದ ಸಲವೂ ಇದ್ದಿರಬೇಕು. ಮುಚ್ಚಲು ಹೋದರೆ ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ನಿಮಿಷ, ಕಣ್ಣಿಗೆ ನೀರಿನ ಡ್ರಾಪ್ಸ್ ತರುತ್ತೇನೆಂದು ಹುಡುಗಿ ಹೊರಗೆ ಹೋದಳು. ಅವನು ಕುರ್ಚಿ ತಿರುಗಿಸಿದ. ಇಳಾ ಎದುರಿಗೇ ಕೂತಿದ್ದಳು, ಪೂರ್ತಿ, ತಲೆಯ ಮೇಲಿನ ಕ್ಲಿಪ್ಪಿನವರೆಗೂ. ಯು ಲುಕ್ ಸೋ ಶಾಕ್ಡ್ ಎಂದು ಅವಳು ನಗಲು ಹೋಗಿ, ಅವನು ನೋಡುತ್ತಲೇ ಇದ್ದುದರಿಂದ, ನಗು ನಿಲ್ಲಿಸಿದಳು. ಅವನಿಗೆ ನೋಟ ಮರೆಸಿಕೊಳ್ಳಲು ರೆಪ್ಪೆಯ ಸಹಾಯವಿರಲಿಲ್ಲ. ಕಣ್ಣು ಉರಿದು ನೀರು ತುಂಬುತ್ತಿತ್ತು, ಅದು ಟೇಪಿನಿಂದ ಎಂದುಕೊಂಡ.

"ಆವತ್ತ ಗೊತ್ತಿತ್ತೇನವ್ವಾ ನಿನಗ? ನಾ ಮಲಗಿಲ್ಲಂತ?"

ಅವಳು ಯಾವತ್ತು ಎಂದು ಕೇಳಲಿಲ್ಲ. ಹೌದೆಂದು ತಲೆ ಆಡಿಸಿದಳು.

"ಮತ್ತ ಯಾಕ ಹೊದಿಸಿದಿ?"

ಇಳಾ ಮೊಣಕೈಯನ್ನು ತೊಡೆಗೆ ಊರಿ ಮುಂದಕ್ಕೆ ಬಾಗಿದಳು, ಲೆಕ್ಕ ಬಿಡಿಸುವಾಗ ಬಾಗುವ ಹಾಗೆ. "ಐ ಡೋಂಟ್ ನೋ, ಅಪ್ಪಾ. ನಂಗೆ ತುಂಬಾ ಸಿಟ್ಟು ಬಂದಿತ್ತು. ಎಬ್ಬಿಸೋಣ ಅಂತಲೇ ಬಂದೆ. ಬಟ್ ಯು ಲುಕ್ಡ್ ಸ್ಟಕ್." ಆಮೇಲೆ, ಸಾಲದೆಂದು ತೋರಿತೋ ಏನೋ, ಕೈಯಿಂದ ಗಾಳಿಯಲ್ಲಿ ಸಿಕ್ಕಿಹಾಕಿಕೊಂಡ ಏನನ್ನೋ ತೋರಿಸಿದಳು, ಕೊಂಬೆಗೆ ಸಿಕ್ಕ ಗಾಳಿಪಟದ ಹಾಗೆ.

ಅವನು ಏನೋ ಹೇಳಬೇಕಾಗಿತ್ತು. ಮೊದಲನೆಯ ಮಾತು, ಎರಡನೆಯದು ಆಮೇಲೆ ನೋಡಿಕೊಂಡರಾಯಿತು. ಬಾಯಿ ತೆರೆದ. ಬಾಗಿಲು ತೆರೆದುಕೊಂಡಿತು. ಹುಡುಗಿ ಎರಡು ಹನಿ ಬಿಟ್ಟು, ಕಾಗದದಿಂದ ಕೆನ್ನೆ ಒರೆಸಿ, ಗದ್ದ ಇಡಿ ಸರ್, ಇದು ಬೇಗ ಮುಗಿಯುತ್ತದೆ ಅಂದಳು. ದೀಪ ಆರಿತು. ನಡುವಿನ ಚುಕ್ಕೆ. ಟಿಕ್. ಮೇಲಿನ ಸಾಲಿನಲ್ಲಿ, ಇಷ್ಟು ವರ್ಷ ಹಣೆ ಹಿಗ್ಗಿಸಿ ಕಷ್ಟಪಟ್ಟು ಕಂಡಿದ್ದ ಕಡೆ, ಯಾವ ಕಷ್ಟವೂ ಇಲ್ಲದೆ ಒಂದು ದೀಪ ಹತ್ತಿತು. ಅದರ ಪಕ್ಕ ಇನ್ನೊಂದು. ಮೂಲೆಯಲ್ಲಿ ಮತ್ತೊಂದು. ಎಲ್ಲವನ್ನೂ ಅವನು ಕಂಡ. ಕಾಣುತ್ತ ಕೂತ. ಸಿಟ್ಟು ಬಂದಿತ್ತು ಅಂದಳು. ಸಿಟ್ಟು ಬಂದವಳು ಹೊದಿಸಿ ಹೋದಳು. ಅದು ದಯೆಯೋ, ಅವಳೂ ಅಳುಕಿದಳೋ, ಕೇಳಬೇಕು, ಕಾರಿನಲ್ಲಿ ಕೇಳಬೇಕು, ಆ ಯು-ಟರ್ನಿಗಿಂತ ಮೊದಲೇ. ಟಿಕ್, ಟಿಕ್. ಹೆಬ್ಬೆರಳಿನ ಕೆಳಗೆ ಒಂದು ಗುಂಡಿ ಇದೆಯೆಂಬುದೇ ಅವನಿಗೆ ಮರೆತುಹೋಗಿತ್ತು.

ಪರದೆಯ ಹಿಂದಿನಿಂದ ಟೆಕ್ನಿಶಿಯನ್ ಹುಡುಗಿ ಕೇಳಿದಳು, ಸರ್, ನಿದ್ದೆ ಬಂತೇ?

"ಇಲ್ಲ," ಎಂದು ಬಾಗಿಲ ಪಕ್ಕದ ಕತ್ತಲಿನಿಂದ ಇಳಾ ಇಂಗ್ಲಿಷಿನಲ್ಲಿ ಹೇಳಿದಳು, "ಅವರು ಎಚ್ಚರವಾಗಿದ್ದಾರೆ."